ಮೇಲುಗೈ ಹುಡುಗಿ

ಜನವರಿ 8

ಮಾನ್ಯರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ತಾಯಿ ಹುಟ್ಟಿ ಬೆಳೆದ ಊರಿನ ಟೆನಿಸ್ ಕ್ಲಬ್ಬಿನಲ್ಲಿ ನಾನು ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತೇನೆ. ಎಲ್ಲರೂ ಕೋಚ್ ಎಂದು ಕರೆದು ಕರೆದು ನನ್ನ ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿದೆ.

ಈ ವರ್ಷ ಕ್ಲಬ್ಬಿಗೆ ನೂರು ತುಂಬುತ್ತದೆ. ಒಳಗಿನ ದೊಡ್ಡ ಕೋಣೆಯಲ್ಲಿ ಹಳೆಯ ಚಾಂಪಿಯನ್ನರ ಫಲಕ ಹಾಕಬೇಕೆಂದು ತೀರ್ಮಾನವಾಗಿದೆ. ಗಂಡಸರ ಫಲಕಕ್ಕೆ ಯಾರ ತಕರಾರೂ ಇಲ್ಲ. ಹೆಂಗಸರದ್ದು ಎಲ್ಲಿಂದ ಶುರುವಾಗಬೇಕು ಎಂಬುದರಲ್ಲೇ ಜಗಳ. ನಮ್ಮ ಕಾರ್ಯದರ್ಶಿಯವರ ಪ್ರಕಾರ ಸಿಮೆಂಟಿನ ಅಂಕಣ ಬಂದ ಮೇಲೆ ಆಡಿದ್ದು ಮಾತ್ರ ಟೆನಿಸ್. "ಅದಕ್ಕೂ ಮುಂಚೆ ಆಡ್ತಿದ್ದೋರು ನಾಲ್ಕೈದು ಹೆಂಗಸರು. ಅವರಲ್ಲಿ ಯಾರೋ ಒಬ್ಬರು ಗೆಲ್ಲಲೇಬೇಕಲ್ಲ? ಹಾಳೂರಿಗೆ ಉಳಿದವನೇ ಗೌಡ!" ಎನ್ನುತ್ತಾರೆ.

ಆ ನಾಲ್ಕೈದು ಜನರಲ್ಲಿ ವರ್ಷವರ್ಷವೂ ಗೆದ್ದವರು ನಿಮ್ಮ ತಾಯಿ. ಅವರಿಗೆ 'ಮೇಲುಗೈ ಹುಡುಗಿ' ಎಂಬ ಅಡ್ಡಹೆಸರಿತ್ತಂತೆ. ಉಳಿದವರು ಚೆಂಡನ್ನು ಸೊಂಟದ ಕೆಳಗಿಂದ, ಗಿಡಕ್ಕೆ ನೀರು ಎರಚಿದ ಹಾಗೆ ಸರ್ವ್ ಮಾಡುತ್ತಿದ್ದಾಗ, ಇವರು ಕೈಯನ್ನು ತಲೆಯ ಮೇಲೆತ್ತಿ ಬೀಸಿ ಹೊಡೆಯುತ್ತಿದ್ದರಂತೆ. ನೋಡುವುದಕ್ಕೆಂದೇ ಜನ ಬೇಲಿಯ ಹತ್ತಿರ ನಿಲ್ಲುತ್ತಿದ್ದರಂತೆ.

ಆದರೆ ನಮ್ಮಲ್ಲಿರುವ ಒಂದೇ ಒಂದು ಫೋಟೋದಲ್ಲಿ ಅವರೂ ಕೆಳಗಿಂದಲೇ ಸರ್ವ್ ಮಾಡುತ್ತಿದ್ದಾರೆ! ಅದರ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕಾರ್ಯದರ್ಶಿಯವರು ಅದನ್ನೇ ಹಿಡಿದುಕೊಂಡು "ನೋಡಿ, ಇದೇ ನಿಮ್ಮ ಮೇಲುಗೈ" ಎಂದು ನಗುತ್ತಾರೆ.

ಅವರು ನಿಜಕ್ಕೂ ಹೇಗೆ ಆಡುತ್ತಿದ್ದರು? ಮನೆಯಲ್ಲಿ ಏನಾದರೂ ಹೇಳಿದ್ದುಂಟೆ? ಯಾಕೆ ಬಿಟ್ಟರು? ತಿಳಿಯದೆ ನನಗೆ ಸಮಾಧಾನವಿಲ್ಲ.

ಇಂತಿ,
ಕೋಚ್


ಜನವರಿ 29

ಕೋಚ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಫೋಟೋ ಹಿಂದಿರುಗಿಸಿದ್ದೇನೆ.

ನನ್ನ ತಾಯಿ ನನ್ನೆದುರು ಒಂದು ದಿನವೂ ಬ್ಯಾಟು ಹಿಡಿದವರಲ್ಲ. ನನಗೆ ಗೊತ್ತಿರುವವರು ನಮ್ಮ ಕನ್ನಡಕದ ಅಂಗಡಿಯಲ್ಲಿ ಬಿಳಿ ಕೋಟು ತೊಟ್ಟು, ಜನರ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದವರು. ತೀರಿಕೊಂಡು ಬಹಳ ಕಾಲವಾಯಿತು. ಅವರು ಆಡುತ್ತಿದ್ದರು ಎಂಬುದು ನನಗೆ ತಿಳಿದದ್ದೇ ಸೋದರತ್ತೆಯ ಬಾಯಿಂದ. ನಾನು ಚಿಕ್ಕವಳಿದ್ದಾಗ ಏನೋ ಹಟ ಮಾಡಿದೆನೆಂದು ಅತ್ತೆ ಸಿಟ್ಟಿನಿಂದ, "ನೀನು ಹೊಟ್ಟೆಗೆ ಬಂದೆ, ಅವಳ ಆಟ ಮುಗೀತು. ಅದಕ್ಕಾದ್ರೂ ಸ್ವಲ್ಪ ಸುಮ್ಮನಿರು" ಅಂದಿದ್ದರು. ಆಮೇಲೆ ನಾನು ಕೇಳಲೂ ಇಲ್ಲ, ಅಮ್ಮ ಹೇಳಲೂ ಇಲ್ಲ.

ಯಾಕೆ ಬಿಟ್ಟರು ಎಂದು ಕೇಳಿದ್ದಿರಿ. ಉತ್ತರ ಕೊಟ್ಟಿದ್ದೇನೆ. ಇದಕ್ಕಿಂತ ಹೆಚ್ಚು ನನ್ನಿಂದಾಗದು.

ಕನ್ನಡಕದ ಅಂಗಡಿಯವಳು

ಮರೆತಿದ್ದೆ: 'ಮೇಲುಗೈ ಹುಡುಗಿ' ಅಂತ ನಿಮಗೆ ಹೇಳಿದ್ದು ಯಾರು?


ಫೆಬ್ರವರಿ 6

ಅಮ್ಮಾ,

ಕಾಗದದ ಕೊನೆಯ ಸಾಲು ಇಲ್ಲದಿದ್ದರೆ ನಾನು ಮತ್ತೆ ಬರೆಯುತ್ತಿರಲಿಲ್ಲ.

ಹೇಳಿದವರು ರನ್ನರ್-ಅಪ್ ಅಜ್ಜಿ. ನಿಮ್ಮ ತಾಯಿ ಗೆದ್ದ ಪ್ರತಿ ಸಲವೂ ಫೈನಲ್ಲಿನಲ್ಲಿ ಸೋತವರು ಅವರೇ. ತೊಂಬತ್ತು ದಾಟಿದೆ. ಅಂಕಣದ ಹಿಂದಿನ ಮನೆ ಅವರದು. ಕಿಟಕಿಯಲ್ಲಿ ಕೂತು ನನ್ನ ಹುಡುಗಿಯರ ತಪ್ಪುಗಳನ್ನು ನನಗಿಂತ ಮೊದಲೇ ಕೂಗಿ ಹೇಳುತ್ತಾರೆ. ಒಂದು ದಿನ ಒಬ್ಬಳ ಸರ್ವ್ ಬಹಳ ಚೆನ್ನಾಗಿ ಬಿತ್ತು. "ಹಾಂ! ಮೇಲುಗೈ ಹುಡುಗಿ ಥರ!" ಎಂದು ಬಾಯಿ ತಪ್ಪಿ ಅಂದುಬಿಟ್ಟರು. ಯಾರು ಅಜ್ಜಿ ಅದು ಎಂದು ನಾನು ಬೆನ್ನು ಹತ್ತಿದೆ. ಹೆಸರು, ಮದುವೆಯಾಗಿ ಹೋದ ಊರು, ಆ ಸರ್ವ್ ನೋಡಲು ಬೇಲಿಯ ಹತ್ತಿರ ನಿಲ್ಲುತ್ತಿದ್ದ ಜನ, ಇಷ್ಟು ಹೇಳಿ, "ಅವಳ ಸುದ್ದಿ ಇನ್ನೊಂದ್ ಸಲ ನನ್ನೆದುರು ಎತ್ತಿದ್ರೆ ನೋಡು" ಎಂದು ಕಿಟಕಿ ಹಾಕಿಕೊಂಡರು. ಫೋಟೋ ತೋರಿಸಿದಾಗ ಮಾತ್ರ ಒಂದು ಮಾತು ಹೇಳಿದರು: "ಇದು ಕೊನೇ ವರ್ಷದ್ದು. ನೆಟ್ಟಿನ ಆಚೆ ಒಂದು ಮೊಣಕೈ ಕಾಣ್ತಿದ್ಯಲ್ಲ, ಅದು ನಂದು."

ಅಂದರೆ, ಮೊದಲೆಲ್ಲ ಮೇಲಿಂದ ಹೊಡೆದವರು ಕೊನೆಯ ವರ್ಷ ಮಾತ್ರ ಕೆಳಗಿಂದ ಹೊಡೆದರು. ಈಗ ನನ್ನ ಕುತೂಹಲ ಇಮ್ಮಡಿಯಾಗಿದೆ.

ನಿಮಗೆ ಒಂದು ತಮಾಷೆ ಹೇಳಬೇಕು. ಫೋಟೋದಲ್ಲಿನ ಉದ್ದ ಲಂಗ ನೋಡಿ ನನ್ನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಗಲಿ ಎಂದು ಬಿಟ್ಟು, ಮರುವಾರ ದರ್ಜಿಯಿಂದ ಅಂಥದ್ದೇ ಎರಡು ಲಂಗ ಹೊಲಿಸಿ ತಂದೆ. ಅಟ್ಟದಲ್ಲಿ ಬಿದ್ದಿದ್ದ ಮರದ ಬ್ಯಾಟುಗಳಿಗೆ ತಂತಿ ಕಟ್ಟಿಸಿದೆ. "ಈಗ ಆಡಿ" ಅಂದೆ. ಮೊದಲನೆಯವಳು ಲಂಗದ ಅಂಚನ್ನೇ ತುಳಿದು ನೆಲ ಕಚ್ಚಿದಳು. ಎರಡನೆಯವಳ ಚೆಂಡು ಬ್ಯಾಟಿನ ಚೌಕಟ್ಟಿಗೆ ಬಡಿದು ಅಜ್ಜಿಯ ಕಿಟಕಿಗೆ ಹೋಯಿತು. ಕೊನೆಗೆ ನಾನೇ ತೊಟ್ಟು ನಿಂತೆ. ಬ್ಯಾಟಿನ ತೂಕಕ್ಕೆ ಅರ್ಧ ಗಂಟೆಯಲ್ಲಿ ಮಣಿಕಟ್ಟು 'ನಾನು ಮನೆಗೆ ಹೋಗ್ತೀನಿ' ಅಂತು. ನಗು ನಿಂತಿತು. ಒಬ್ಬಳು ಮೆಲ್ಲಗೆ ಕೇಳಿದಳು: "ಮೇಡಂ, ಇದನ್ನ ಉಟ್ಕೊಂಡು, ಇದ್ರಲ್ಲಿ, ಅವರು ಮೇಲಿಂದ ಸರ್ವ್ ಮಾಡ್ತಿದ್ರಾ?"

ನನ್ನ ಹತ್ತಿರ ಅರ್ಧ ಮನುಷ್ಯೆ ಇದ್ದಾರೆ. ಇನ್ನರ್ಧ ನಿಮ್ಮ ಹತ್ತಿರ. ಆಟದ ವಿಷಯ ಬೇಡ, ಸುಮ್ಮನೆ ನಿಮ್ಮ ಅಮ್ಮ ಹೇಗಿದ್ದರು ಅಂತಲಾದರೂ ಬರೆಯುವಿರಾ?

ಕೋಚ್


ಮಾರ್ಚ್ 3

ಕೋಚಮ್ಮನಿಗೆ,

ಲಂಗದ ಕಥೆ ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಗಿರಾಕಿಯೊಬ್ಬರು ಒಳಗೆ ಬಂದವರು ಹೆದರಿ ಬಾಗಿಲಲ್ಲೇ ನಿಂತರು.

ಅಮ್ಮ ಹೇಗಿದ್ದರು ಎಂದು ಕೇಳಿದ್ದೀರಿ. ಬಿಗಿಯಾದ ಹೆಂಗಸು. ಕರೆದರೆ ಕಣ್ಣು ತಿರುಗಿಸಿ ನೋಡಿದವರಲ್ಲ, ಇಡೀ ಮುಖವನ್ನೇ ತಿರುಗಿಸಿ ನೋಡುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಆ ನೋಟವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಬೀದಿಯಲ್ಲಿ ನಡೆಯುವಾಗ ನಾನು ಯಾವಾಗಲೂ ಅವರ ಬಲಕ್ಕೇ ಇರಬೇಕು. ಎಡಕ್ಕೆ ಹೋದರೆ ರಟ್ಟೆ ಹಿಡಿದು ಈಚೆಗೆಳೆಯುತ್ತಿದ್ದರು. ಕಾಫಿ ಬಗ್ಗಿಸುವಾಗ ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ತಾಕಿಸಿಯೇ ಬಗ್ಗಿಸಬೇಕು, ಅದು ಅವರ ಶಿಸ್ತು. ನಾನೂ ಇವತ್ತಿಗೂ ಹಾಗೇ ಮಾಡುತ್ತೇನೆ.

ಅಪ್ಪ ಕನ್ನಡಕದ ಗಾಜು ಉಜ್ಜುತ್ತಿದ್ದವರು. ಮಾತು ಕಡಿಮೆ. ಅಮ್ಮನ ಬಗ್ಗೆ ಒಂದೇ ಒಂದು ಹಾಸ್ಯ ಮಾಡುತ್ತಿದ್ದರು: "ಇವಳು ಗಿರಾಕಿಯಾಗಿ ಬಂದಳು, ಯಜಮಾನಿಯಾಗಿ ಉಳಿದಳು." ಅಮ್ಮ ಅದಕ್ಕೆ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

ಇನ್ನೊಂದು ವಿಷಯ. ಇದನ್ನು ಹೇಳಿದರೆ ನಿಮಗೆ ಬೇಸರವಾದೀತು. ಅಮ್ಮನಿಗೆ ಏನನ್ನೂ ಹಿಡಿಯಲು ಬರುತ್ತಿರಲಿಲ್ಲ. ಬೀಗದ ಕೈ ಎಸೆದರೆ ಕೈ ಒಂದು ಕಡೆ, ಅದು ಇನ್ನೊಂದು ಕಡೆ. "ಎಸೀಬೇಡ, ತಂದು ಕೊಡು" ಎಂದು ಗದರುತ್ತಿದ್ದರು. ಬೀಗದ ಕೈ ಹಿಡಿಯಲಾಗದವರು ಊರಿಗೇ ಚಾಂಪಿಯನ್ ಆಗಿದ್ದರೇ? ನಿಮ್ಮ ಕಾರ್ಯದರ್ಶಿಗಳು ಹೇಳುವುದರಲ್ಲಿ ಹುರುಳಿದೆಯೇನೋ ಅನ್ನಿಸುತ್ತದೆ.

ಅಂಗಡಿಯವಳು


ಮಾರ್ಚ್ 14

ಅಮ್ಮಾ,

ಇವತ್ತು ನಡೆದದ್ದನ್ನು ಮರೆಯುವ ಮುಂಚೆ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಹಿಡಿದು ಅಜ್ಜಿಯ ಮನೆಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. "ಅಜ್ಜೀ, ಅವರ ಮಗಳು ಬರೆದಿದ್ದಾರೆ. ಬೀಗದ ಕೈ ಎಸೆದರೂ ಹಿಡಿಯೋಕೆ ಆಗ್ತಿರಲಿಲ್ವಂತೆ ಅವರಿಗೆ" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ.

ನಗಲಿಲ್ಲ. "ಇನ್ನೊಂದ್ ಸಲ ಓದು" ಅಂದರು. ಓದಿದೆ. ಕಾಫಿಯ ಸಾಲನ್ನೂ, ಬಲಕ್ಕೆ ನಡೆಯಬೇಕೆಂಬ ಸಾಲನ್ನೂ ಓದಿಸಿಕೊಂಡರು. ಆಮೇಲೆ ತಾವಾಗಿಯೇ ಶುರು ಮಾಡಿದರು. ಅವರ ಮಾತಿನಲ್ಲೇ ಬರೆಯುತ್ತೇನೆ.

"ಕೊನೇ ವರ್ಷ ಅವಳು ಬೇರೆ ಥರ ಆಡಿದ್ಲು ಕಣೇ. ಮೇಲಿಂದ ಒಂದು ಸರ್ವೂ ಇಲ್ಲ. ಬೇಲಿ ಹತ್ರ ನಿಂತಿದ್ದ ಜನ 'ಎತ್ತು ಕೈನ! ಎತ್ತು!' ಅಂತ ಕೂಗಿದ್ರು. ಎತ್ತಲಿಲ್ಲ. ಮೊದಲೆಲ್ಲ ನೆಟ್ಟಿಗೆ ನುಗ್ಗಿ ಬರ್ತಿದ್ಲು. ಆ ದಿನ ಹಿಂದೆ ಹೋಗಿ ನಿಂತವಳು ಮುಂದಕ್ಕೆ ಬರಲೇ ಇಲ್ಲ. ಎಲ್ಲಾ ಚೆಂಡನ್ನೂ ನೆಲಕ್ಕೆ ಬಡಿಸಿಯೇ ಹೊಡೀತಿದ್ಲು. ನಾನು ಒಳಗೊಳಗೇ ಉರಿದುಹೋದೆ. ನನ್ನನ್ನ ಸೋಲಿಸೋಕೆ ಇವಳಿಗೆ ಪೂರ್ತಿ ಆಟ ಬೇಡ, ಅರ್ಧ ಆಟ ಸಾಕು ಅಂತ ತೋರಿಸ್ತಿದಾಳೆ ಅಂದ್ಕೊಂಡೆ. ಆ ಅರ್ಧ ಆಟದಲ್ಲೇ ಗೆದ್ಲು. ಅದು ಹೋಗ್ಲಿ. ಮುಗಿದ ಮೇಲೆ ನೆಟ್ಟಿನ ಹತ್ರ ನಾನೇ ಮೊದಲು ಕೈ ಚಾಚಿದೆ. ಅವಳೂ ಚಾಚಿದ್ಲು. ಎಲ್ಲಿಗೆ? ಗಾಳಿಗೆ! ನನ್ನ ಕೈಗೆ ಒಂದು ಗೇಣು ಈಚೆಗೆ ಕೈ ನಿಲ್ಲಿಸಿ, ಖಾಲಿ ಮುಷ್ಟಿ ಹಿಡಿದು, ಹಿಂದಕ್ಕೆ ತಗೊಂಡ್ಲು. ಅಷ್ಟು ಜನರ ಮುಂದೆ. ಮುಖಕ್ಕೆ ಹೊಡೆದ ಹಾಗಾಯ್ತು ನಂಗೆ. ಅವತ್ತಿಂದ ಅವಳ ಹತ್ರ ನಾನು ಮಾತಾಡ್ಲಿಲ್ಲ. ಅವಳ ಮದುವೆಗೂ ಹೋಗ್ಲಿಲ್ಲ. ಒಂದೇ ಬೀದೀಲಿ ಆಡಿ ಬೆಳೆದೋರು ನಾವು."

ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಬೇಕೂಂತ ಮಾಡಿರಲಿಲ್ವೇನೋ ಅಲ್ವಾ?" ಅಂದರು.

ಅಮ್ಮಾ, ನನಗೆ ಗೊತ್ತಿರುವುದು ಚೆಂಡು, ಕಣ್ಣಲ್ಲ. ನೀವು ಕಣ್ಣಿನ ಕೆಲಸದವರು. ಎಡಕ್ಕೆ ಬಂದದ್ದು ಕಾಣದೆ, ಎದುರಿಗಿರುವ ಕೈ ಎಷ್ಟು ದೂರವೆಂದು ತಿಳಿಯದೆ ಇರುವುದು ಯಾವಾಗ?

ಕೋಚ್


ಮಾರ್ಚ್ 19

ಕೋಚಮ್ಮ,

ನಿಮ್ಮ ಕಾಗದವನ್ನು ನಿಂತುಕೊಂಡೇ ಓದಿದೆ. ಓದಿ ಅಂಗಡಿಯ ಬಾಗಿಲು ಎಳೆದೆ.

ಅಮ್ಮನ ಕನ್ನಡಕ ಅಪ್ಪನ ಮೇಜಿನಲ್ಲಿತ್ತು. ತೀರಿಕೊಂಡ ದಿನ ತೆಗೆದಿಟ್ಟದ್ದು. ಗಾಜಿನ ನಂಬರು ಅಳೆಯುವ ಯಂತ್ರಕ್ಕೆ ಅದನ್ನು ಕೊಡಬೇಕೆಂದು ಇಷ್ಟು ವರ್ಷ ನನಗೆ ತೋಚಲೇ ಇಲ್ಲ. ಯಾಕೆ ತೋಚಬೇಕು? ತಾಯಿಯ ಕನ್ನಡಕವನ್ನು ಯಾರು ಅಳೆಯುತ್ತಾರೆ?

ಬಲಗಡೆಯ ಗಾಜು ಅಪ್ಪನ ಕೈಯ ಅತ್ಯುತ್ತಮ ಕೆಲಸ. ಕಣ್ಣಪಾಪೆಯ ನೇರಕ್ಕೆ ಬರಬೇಕಾದ ನಡುಬಿಂದು ಕೂದಲೆಳೆಯಷ್ಟೂ ಸರಿದಿಲ್ಲ. ಎಡಗಡೆಯದು ಅದೇ ದಪ್ಪ, ಅದೇ ಹೊಳಪು. ಆದರೆ ನಡುಬಿಂದು ಎಲ್ಲೋ ಮೂಲೆಯಲ್ಲಿದೆ. ಆ ಗಾಜಿನಿಂದ ಯಾರಿಗೂ ಏನೂ ಸರಿಯಾಗಿ ಕಾಣಲಾರದು. ಅಪ್ಪನಂಥವರು ಹಾಗೆ ಮಾಡುವುದು ಒಂದೇ ಸಂದರ್ಭದಲ್ಲಿ. ಒಂದು ಕಣ್ಣು ಹೋಗಿದ್ದರೆ, ಎರಡೂ ಕಡೆ ಮುಖ ಒಂದೇ ಥರ ಕಾಣಲಿ ಎಂದು ಹೋದ ಕಣ್ಣಿನ ಮುಂದೆ ಅಂದಕ್ಕೊಂದು ಜೋಡಿಗಾಜು ಕೂರಿಸುತ್ತೇವೆ. ನಾನೇ ಎಷ್ಟೋ ಜನಕ್ಕೆ ಕೂರಿಸಿದ್ದೇನೆ.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಊರಿನವರ ಕಣ್ಣೆಲ್ಲ ನೋಡಿದೆ. ಮನೆಯೊಳಗಿನದು ನೋಡಲಿಲ್ಲ.

ಅಮ್ಮ ಗಿರಾಕಿಯಾಗಿ ಬಂದದ್ದು ಯಾತಕ್ಕೆಂದು ಈಗ ತಿಳಿಯಿತು. ಮುಚ್ಚಿಟ್ಟದ್ದು ಯಾಕೆಂದೂ ಊಹಿಸಬಲ್ಲೆ. ಆ ಕಾಲದಲ್ಲಿ ಹೆಣ್ಣಿನ ಕಣ್ಣು ಹೋಯಿತೆಂದರೆ ಊರ ಬಾಯಿ ಮುಚ್ಚಿಸುವವರು ಯಾರು? ಆಮೇಲೆ ಅಂಗಡಿ. ಕನ್ನಡಕ ಕೂರಿಸುವವಳಿಗೇ ಒಂದು ಕಣ್ಣಿಲ್ಲವೆಂದರೆ ಯಾರು ಮೂಗು ಒಡ್ಡುತ್ತಾರೆ?

ಒಂದು ಪ್ರಶ್ನೆ. ನಾನು ಹುಟ್ಟಿದ್ದು ಅವರ ಮದುವೆಯಾದ ಮರುವರ್ಷ. ಮದುವೆಗೂ ಹೋಗಲಿಲ್ಲ ಎಂದರಲ್ಲ ಅಜ್ಜಿ, ಹಾಗಾದರೆ ಆ ಕೊನೆಯ ಆಟ ಖಂಡಿತ ಮದುವೆಗೆ ಮುಂಚೆಯೇ? ಅಜ್ಜಿಯನ್ನು ಸರಿಯಾಗಿ ಕೇಳಿ. ಅಂದಾಜಿನ ಮಾತು ಬೇಡ.

ಅಂಗಡಿಯವಳು


ಏಪ್ರಿಲ್ 2

ಅಮ್ಮಾ,

ಮುಂಚೆ. ಅಜ್ಜಿ ಆಣೆಯಿಟ್ಟು ಹೇಳುತ್ತಾರೆ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ನಿಮ್ಮ ತಾಯಿಗೆ ಭಾರಿ ಜ್ವರ ಬಂದಿತ್ತಂತೆ, ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಬಂದಿರಲಿಲ್ಲವಂತೆ. ಎದ್ದು ಬಂದವರು ನೇರ ಆ ಪಂದ್ಯಾವಳಿಗೇ ಬಂದರು. ಚಳಿಗಾಲದಲ್ಲಿ ಫೈನಲ್. ಮದುವೆ ಆಮೇಲೆ. ನೀವು ಅದಕ್ಕೂ ಆಮೇಲೆ.

ನಿಮ್ಮ ಅತ್ತೆ ಸಿಟ್ಟಿನಲ್ಲಿ ಅಂದದ್ದನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದಿರಲ್ಲ. ಇಳಿಸಿಬಿಡಿ.

ನಾನು ಕಲಿಸುವವಳಾಗಿ ಒಂದು ಮಾತು ಹೇಳುತ್ತೇನೆ. ಒಂದು ಕಣ್ಣು ಮುಚ್ಚಿಕೊಂಡು ಆಡಿ ನೋಡಿದೆ. ಮೇಲಕ್ಕೆ ಎಸೆದ ಚೆಂಡು ಆಕಾಶಕ್ಕೆ ಅಂಟಿಸಿದ ಹಾಗಿತ್ತು. ಹತ್ತಿರ ಬಂತೋ ಇಲ್ಲವೋ ಗೊತ್ತೇ ಆಗಲಿಲ್ಲ. ನೆಟ್ಟಿನ ಹತ್ತಿರ ನಿಂತರೆ ಚೆಂಡು ಮೂಗಿಗೇ ಬಂತು. ಆದರೆ ಹಿಂದೆ ನಿಂತು, ನೆಲಕ್ಕೆ ಬಿದ್ದು ಎದ್ದದ್ದನ್ನು ಹೊಡೆದರೆ ಸ್ವಲ್ಪ ಸಿಗುತ್ತಿತ್ತು. ನೆಲ ಅಳತೆ ಹೇಳಿಕೊಡುತ್ತದೆ. ನಿಮ್ಮ ತಾಯಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ತಮ್ಮ ಹೆಸರು ತಂದುಕೊಟ್ಟ ಸರ್ವನ್ನೇ ಬಿಟ್ಟು, ತಾವೇ ಒಂದು ಹೊಸ ಆಟ ಕಂಡುಹಿಡಿದುಕೊಂಡು ಬಂದು ಗೆದ್ದರು. ಅವರ ಎಲ್ಲಾ ಗೆಲುವುಗಳಲ್ಲಿ ಜನ ಸಪ್ಪೆ ಅಂದುಕೊಂಡದ್ದೇ ದೊಡ್ಡದು.

ಕಾರ್ಯದರ್ಶಿಯವರಿಗೂ ಒಂದು ಕಣ್ಣಿಗೆ ಕರವಸ್ತ್ರ ಕಟ್ಟಿಸಿ ಅಂಕಣಕ್ಕಿಳಿಸಿದೆವು. ಒಂದು ಚೆಂಡೂ ತಾಗಲಿಲ್ಲ. ಬೆವರು ಒರೆಸಿಕೊಂಡು "ಆಯ್ತಮ್ಮ, ಫಲಕ ಅವರಿಂದಲೇ ಶುರು ಮಾಡೋಣ" ಅಂದರು. ಆ ಫೋಟೋವನ್ನೂ ಹಾಕಿ, ಕೆಳಗೆ ಕಣ್ಣಿನ ವಿಷಯ ಬರೆಸಬೇಕೆಂಬುದು ಅವರ ಆಸೆ, ನನ್ನದೂ ಕೂಡ. ಆದರೆ ಅದು ನಿಮ್ಮ ತಾಯಿ ಜೀವಮಾನವೆಲ್ಲ ಯಾರಿಗೂ ಹೇಳದೆ ಇಟ್ಟ ಮಾತು. ನೀವು ಬೇಡವೆಂದರೆ ಬೇಡ.

ಕೋಚ್


ಮೇ 20

ಕೋಚಮ್ಮ,

ತಡವಾಯಿತು. ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ದಿನ ಕಳೆದೆ.

ಅಮ್ಮ ಬಚ್ಚಿಟ್ಟದ್ದನ್ನು ಬಿಚ್ಚಿಡಲು ನಾನು ಯಾರು ಎಂದು ಒಂದು ಮನಸ್ಸು. ಮಗಳಲ್ಲದೆ ಇನ್ಯಾರು ಎಂದು ಇನ್ನೊಂದು. ಕೊನೆಗೆ, ಅವರು ಮುಚ್ಚಿಟ್ಟದ್ದು ಯಾರಿಂದಲೋ ಅವರಿಗೇ ಮೊದಲು ಹೇಳಿ ನೋಡೋಣ ಅನ್ನಿಸಿತು. ಹಳೆಯ ಗಿರಾಕಿ ಒಬ್ಬರು ಇದ್ದಾರೆ, ನಿವೃತ್ತ ಗಣಿತದ ಮೇಷ್ಟ್ರು. ಅವರ ಮೊದಲ ಕನ್ನಡಕ ಕೂರಿಸಿದ್ದು ಅಮ್ಮ. ಮೊನ್ನೆ ಚೌಕಟ್ಟಿನ ತಿರುಪು ಬಿಗಿಸಿಕೊಳ್ಳಲು ಬಂದಿದ್ದರು. ಎದೆ ಗಟ್ಟಿ ಮಾಡಿಕೊಂಡು, "ಮೇಷ್ಟ್ರೇ, ಅಮ್ಮನಿಗೆ ಎಡಗಣ್ಣು ಕಾಣ್ತಿರಲಿಲ್ಲ" ಅಂದುಬಿಟ್ಟೆ.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅದಕ್ಕೇನಾ? ನನ್ನ ಮುಖನ ಎರಡೂ ಕೈಲಿ ಹಿಡಿದು, ಬೆರಳಲ್ಲಿ ಮೂಗು ಕಿವಿ ಎಲ್ಲಾ ಮುಟ್ಟಿ ಮುಟ್ಟಿ ಅಳೀತಿದ್ರು. ಆಮೇಲೆ ಅಷ್ಟು ಚೆನ್ನಾಗಿ ಯಾರೂ ಕೂರಿಸಿಕೊಟ್ಟಿಲ್ಲ. ನೀನೂ ಸೇರಿ" ಅಂದರು. ಬೈದರೋ ಹೊಗಳಿದರೋ ತಿಳಿಯದೆ ತಿರುಪು ಬಿಗಿಸಿ ಕಳಿಸಿದೆ.

ಬರೆಸಿ. ಆದರೆ 'ಕಣ್ಣಿಲ್ಲದೆಯೂ' ಎಂಬಂಥ ಅಯ್ಯೋ ಪಾಪದ ಮಾತು ಒಂದೂ ಬೇಡ. ಫೋಟೋದ ಕೆಳಗೆ ಇಷ್ಟಿರಲಿ: "ಎಡಗಣ್ಣಿನ ದೃಷ್ಟಿ ಹೋದ ವರ್ಷ. ಕೆಳಗಿಂದ ಸರ್ವ್ ಮಾಡಿ, ಗೆದ್ದರು."

ಫಲಕ ತೆರೆಯುವ ದಿನ ನಾನೂ ಬರುತ್ತೇನೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಅವರು ನನ್ನನ್ನು ನೋಡಲು ಒಪ್ಪುತ್ತಾರೋ ಇಲ್ಲವೋ ಕೇಳಿ.

ಅಂಗಡಿಯವಳು


ಜುಲೈ 11

ಕೋಚಮ್ಮ,

ಸುಖವಾಗಿ ಊರು ಸೇರಿದೆ. ನೀವು ಕಟ್ಟಿಕೊಟ್ಟ ಬುತ್ತಿ ದಾರಿಯಲ್ಲೇ ಮುಗಿಯಿತು.

ಫಲಕದ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ, ನೀವೇ ಪಕ್ಕದಲ್ಲಿದ್ದಿರಿ. ನೀವು ಕಾಫಿ ತರಲು ಒಳಗೆ ಹೋದಾಗ ಅಜ್ಜಿ ಆಡಿದ ಮಾತು ಮಾತ್ರ ನಿಮಗೆ ಗೊತ್ತಿಲ್ಲ. ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ, "ಮೂಗು ಅವಳದ್ದೇ. ಬಾಯಿ ಮಾತ್ರ ಮೆತ್ತಗಿದೆ" ಅಂದರು. "ನಿಮ್ಮನ್ನ ಅಷ್ಟು ವರ್ಷ ನೋಯಿಸಿಬಿಟ್ರು ಅಮ್ಮ. ಒಂದು ಮಾತು ಹೇಳಬಹುದಿತ್ತು ನಿಮಗೆ" ಅಂದೆ.

ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಯೋಚಿಸಿದರು. "ಹೇಳಿದ್ರೆ ಏನಾಗ್ತಿತ್ತು ಗೊತ್ತಾ?" ಅಂದರು. "ಅವಳ ಎಡಕ್ಕೇ ಹೊಡೆದು ಹೊಡೆದು ಗೆದ್ದುಬಿಡ್ತಿದ್ದೆ ನಾನು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಳ್ಳಿ!" ಎಂದು ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೂ ನಕ್ಕರು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ನೀವು ಬರುವಷ್ಟರಲ್ಲಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಾಫಿಗೆ ಸಕ್ಕರೆ ಕಡಿಮೆಯೆಂದು ನಿಮ್ಮನ್ನೇ ಬೈದರಲ್ಲ.

ರೈಲಿನಲ್ಲಿ ಯೋಚಿಸುತ್ತಾ ಬಂದೆ. ಅಮ್ಮ ಆ ದಿನ ಗೆದ್ದು ಮನೆಗೆ ಹೋಗಿ ಏನು ಮಾಡಿರಬಹುದು? ಸಂತೋಷಪಟ್ಟರೋ, ಬಾಗಿಲು ಹಾಕಿಕೊಂಡು ಕೂತರೋ? ಆ ಆಟದ ಕಥೆಯನ್ನು ಮದುವೆಯಾದ ಮೇಲಾದರೂ ಅಪ್ಪನಿಗೆ ಹೇಳಿರುತ್ತಾರೆಯೇ? ಗೊತ್ತಿಲ್ಲ. ಮೊದಲಾಗಿದ್ದರೆ ಗೊತ್ತಿಲ್ಲವೆಂಬುದು ನನಗೆ ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತಿತ್ತು. ಈಗ ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದಾರೆ, ಕೇಳಿದರೆ ಹೇಳಿಯಾರು ಅನ್ನಿಸುತ್ತದೆ.

ಬರುವಾಗ ನನ್ನ ಕೈಗೆ ಬೇಡ ಬೇಡವೆಂದರೂ ಒಂದು ಬ್ಯಾಟು ತುರುಕಿದಿರಿ. ಅದನ್ನು ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ್ದೆ. ಬಂದವರೆಲ್ಲ "ಇದೇನು, ಈ ವಯಸ್ಸಲ್ಲಿ?" ಎಂದು ಕೇಳುವುದು, ನಾನು ಹಲ್ಲು ಕಿರಿಯುವುದು. ಮೊನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ಹಿತ್ತಿಲಿಗೆ ಒಯ್ದೆ. ಅಲ್ಲಿ ಕಿಟಕಿಯಿಲ್ಲದ ಒಂದು ಗೋಡೆಯಿದೆ. ಕೆಳಗಿಂದ ಹೊಡೆದೆ. ಚೆಂಡು ವಾಪಸು ಬಂತು! ಮತ್ತೆ ಹೊಡೆದೆ, ಮತ್ತೆ ಬಂತು. ಪಕ್ಕದ ದರ್ಜಿಯ ಹೆಂಡತಿ ಮಹಡಿಯ ಮೇಲಿಂದ ಇಣುಕಿ, "ಅಕ್ಕಾ, ಏನಾಯ್ತು ನಿಮಗೆ?" ಅಂದಳು. ಏನಾಗಿದೆಯೋ ನನಗೂ ತಿಳಿಯದು.

ಆಮೇಲೆ ಕೈ ಮೇಲೆತ್ತುವ ಧೈರ್ಯ ಮಾಡಿದೆ. ಎರಡು ಕಣ್ಣಿದ್ದೂ ಚೆಂಡು ಸಿಗಲಿಲ್ಲ. ಒಂದು ತಲೆಯ ಮೇಲೇ ಬಿತ್ತು. ಆದರೂ ಬಿಟ್ಟಿಲ್ಲ.

ಅದಕ್ಕೇ ಕೇಳುತ್ತೇನೆ. ಮೇಲಕ್ಕೆ ಎಸೆದ ಚೆಂಡನ್ನು ಹೊಡೆಯಬೇಕಾದದ್ದು ಅದು ಏರುವಾಗಲೋ, ಇಳಿಯುವಾಗಲೋ? ಇಲ್ಲ, ತುದಿಯಲ್ಲಿ ಒಂದು ಗಳಿಗೆ ಏರಲೂ ಒಲ್ಲದೆ ಇಳಿಯಲೂ ಒಲ್ಲದೆ ನಿಂತಂತೆ ಕಾಣುತ್ತದಲ್ಲ, ಆಗಲೋ? ವಿವರವಾಗಿ ಬರೆಯಿರಿ, ಬೇಕಾದರೆ ಚಿತ್ರ ಬಿಡಿಸಿ ಕಳಿಸಿ. ಬುಧವಾರ ಅಂಗಡಿಗೆ ರಜೆ.

ನಿಮ್ಮ ಹೊಸ ಶಿಷ್ಯೆ